ಹನ್ನೊಂದನೇ ಜಾಗಕ್ಕೊಂದು ಚೀಟಿ

ಡಂಕನ್‌ಗೆ ಆಫೀಸಿನಲ್ಲಿ ಆದ ಅವಮಾನಕ್ಕೂ ಅವನ ಮನೆಯ ಫ್ರಿಜ್ಜಿಗೂ ಯಾವ ಸಂಬಂಧವೂ ಇರಲಿಲ್ಲ. ಆದರೂ ಶಿಕ್ಷೆ ಅನುಭವಿಸಿದ್ದು ಫ್ರಿಜ್ಜೇ.

ಅವಮಾನದ ಕಥೆಯನ್ನು ಮೊದಲು ಹೇಳಿ ಮುಗಿಸುತ್ತೇನೆ. ಹ್ಯಾಮಿಲ್ಟನ್ನಿನ ಒಂದು ಕಂಪನಿಯಲ್ಲಿ ಅವನ ಕೆಲಸ. ಡೈರಿಗಳಿಂದ ಹಾಲು ತುಂಬಿಕೊಂಡು ಬರುವ ಟ್ಯಾಂಕರುಗಳು ಯಾವಾಗ ಎಲ್ಲಿಗೆ ಹೋಗಬೇಕೆಂದು ಹೇಳುವ ಸಾಫ್ಟ್‌ವೇರ್ ಅಲ್ಲಿ ತಯಾರಾಗುತ್ತದೆ. ಏನು ತಯಾರಾಗಬೇಕೆಂದು ಚೀಟಿ ಬರೆಯುವವನು ಡಂಕನ್. ಆ ಚೀಟಿಗಳನ್ನು ಎರಡು ವಾರಕ್ಕೆ ಇಷ್ಟು ಎಂದು ಎತ್ತಿಕೊಂಡು ಮಾಡಿಕೊಡುವುದು ತಂಡದ ಕೆಲಸ. ವರ್ಷಗಟ್ಟಲೆ ಡಂಕನ್ "ಡ್ರೈವರ್ ನೋಡುವ ಸ್ಕ್ರೀನು ಚೆನ್ನಾಗಿರಬೇಕು" ಅಂತಲೋ "ನಕ್ಷೆ ಸ್ವಲ್ಪ ಚುರುಕಾಗಲಿ" ಅಂತಲೋ ಗೀಚಿ ಎಸೆದು ಕಾಫಿಗೆ ಹೋಗುತ್ತಿದ್ದ. ತಂಡದವರು ತಲೆ ಕೆರೆದುಕೊಂಡು ಏನೋ ಒಂದನ್ನು ಮಾಡುತ್ತಿದ್ದರು. ಇವನು ವಾಪಸ್ಸು ಬಂದು "ನಾನು ಹೇಳಿದ್ದು ಇದಲ್ಲ" ಎನ್ನುತ್ತಿದ್ದ. ಎಲ್ಲರೂ ಸುಖವಾಗಿದ್ದರು. (ಅಂದರೆ ಡಂಕನ್ ಸುಖವಾಗಿದ್ದ.)

ಆಮೇಲೆ ತಂಡಕ್ಕೆ ಸೆಮಿಸಿ ಎಂಬ ಹೊಸ ಮುಖ್ಯಸ್ಥ ಬಂದ. ಟೋಂಗಾ ದ್ವೀಪದವನು, ಬಾಗಿಲು ತುಂಬುವ ಆಳು, ದನಿ ಮಾತ್ರ ತೊಟ್ಟಿಲು ತೂಗುವವರದ್ದು. ಬಂದ ವಾರವೇ ಒಂದು ಕಾನೂನು ಮಾಡಿದ. ಪೂರ್ತಿ ಬೇಯದ ಚೀಟಿಯನ್ನು ತಂಡ ಮುಟ್ಟುವುದಿಲ್ಲ. ಕೆಲಸ ಶುರುವಾಗುವ ಮುಂಚೆಯೇ ಎಲ್ಲರೂ ಕೂತು ಒಂದೊಂದು ಚೀಟಿಯನ್ನೂ ಹಿಂಜಿ ನೋಡಬೇಕು.

"ಚೆನ್ನಾಗಿರ್ಬೇಕು ಅಂದ್ರೆ ಹೇಗೆ ಗುರು?" ಎಂದು ಸೆಮಿಸಿ ಎಲ್ಲರೆದುರು ಕೇಳಿದ.

"ಚೆನ್ನಾಗಿ ಅಂದ್ರೆ... ಚೆನ್ನಾಗಿ."

"ಯಾರಿಗೆ? ಡ್ರೈವರಿಗೋ, ನಿಂಗೋ? ಚೆನ್ನಾಯ್ತು ಅಂತ ನಮಗೆ ಹೇಗೆ ಗೊತ್ತಾಗ್ಬೇಕು?"

"ನಾನು ನೋಡಿದ್ರೆ ಗೊತ್ತಾಗುತ್ತೆ."

"ಹಾಗಾದ್ರೆ ಇದು ಇನ್ನೂ ಸಿದ್ಧ ಇಲ್ಲ ಗುರು" ಎಂದು ಸೆಮಿಸಿ ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದು, ಪ್ರಸಾದ ಕೊಟ್ಟ ಹಾಗೆ, ವಾಪಸ್ಸು ಕೊಟ್ಟ. ಅವತ್ತು ಡಂಕನ್ ತಂದಿದ್ದ ಚೀಟಿಗಳೆಲ್ಲ ಅದೇ ಮರ್ಯಾದೆಯಿಂದ ವಾಪಸ್ಸು ಬಂದವು.

ಬೇರೆಯವನಾಗಿದ್ದರೆ ಮುನಿಸಿಕೊಂಡು ಸುಮ್ಮನಾಗುತ್ತಿದ್ದ. ಡಂಕನ್ ಒಂದು ಕಡೆ ಕೂತವನೇ ಅಲ್ಲ, ಬಾಲ ಸುಟ್ಟ ಬೆಕ್ಕು. ಎರಡು ದಿನ ಕುದ್ದ, ಮೂರನೇ ದಿನ ಮತಾಂತರವಾದ. ಇದಕ್ಕಿಂತ ದೊಡ್ಡ ಸತ್ಯ ಲೋಕದಲ್ಲೇ ಇಲ್ಲ ಎಂದು ಅವನಿಗೆ ಹೊಳೆಯಿತು. ಲೋಕ ಎಂದರೆ ಎಲ್ಲಿಂದ ಶುರು? ಮನೆಯಿಂದ.

ಭಾನುವಾರ ಕುರಿಮಾಂಸದ ರೋಸ್ಟ್ ಊಟ ಮುಗಿದ ಮೇಲೆ ಡಂಕನ್ ಫ್ರಿಜ್ಜಿನ ಬಾಗಿಲ ಮೇಲಿದ್ದ ಸಕಲವನ್ನೂ ಕಿತ್ತುಹಾಕಿದ. ಮಗಳು ಪಿಪ್ಪಾಳ ನೆಟ್‌ಬಾಲ್ ಪಂದ್ಯಗಳ ವೇಳೆ, ಅತ್ತೆ ಐಲ್ಸಾಳ ಸೊಂಟದ ಡಾಕ್ಟರ ಕಾರ್ಡು, ಮೀನು ಚಿಪ್ಸ್ ಅಂಗಡಿಯ ನಂಬರು, ಎಲ್ಲ ಕಸದ ಡಬ್ಬಿಯ ಪಕ್ಕಕ್ಕೆ ಬಂತು. ಕೆಂಪು ಟೇಪು ಹಚ್ಚಿ ಬಾಗಿಲನ್ನು ಮೂರು ಭಾಗ ಮಾಡಿ ಮೇಲೆ ಬರೆದ: ಬೇಯದ್ದು, ಬೆಂದದ್ದು, ಮುಗಿದದ್ದು.

"ಅಪ್ಪಾ, ಫ್ರಿಜ್ಜಲ್ಲಿ ಬೇಯೋದು ಹೇಗೆ?" ಎಂದಳು ಪಿಪ್ಪಾ. ಅವಳಿಗೆ ಹದಿನೈದು. ಆ ವಯಸ್ಸಿಗೆ ಅಪ್ಪಂದಿರೆಲ್ಲ ಹೀಗೇ ಕಾಣುವುದು.

"ಇವತ್ತಿಂದ ಈ ಮನೇಲಿ ಯಾವ ಕೆಲಸನೂ ಹಾಗೇ ಶುರು ಆಗೋ ಹಾಗಿಲ್ಲ" ಎಂದು ಡಂಕನ್ ಗೃಹಕೃತ್ಯ ಪೂರ್ವಸಿದ್ಧತಾ ಮಹಾಸಭೆಯನ್ನು ಉದ್ಘಾಟಿಸಿದ. "ಚೀಟಿ ಬರೀಬೇಕು. ಯಾರಿಗಾಗಿ, ಏನು, ಯಾಕೆ, ಮುಗೀತು ಅಂತ ಹೇಗೆ ಗೊತ್ತಾಗುತ್ತೆ, ಎಷ್ಟು ದೊಡ್ಡದು, ಬೇರೆ ಯಾವುದರ ಮೇಲಾದ್ರೂ ನಿಂತಿದ್ಯಾ. ಇಷ್ಟಕ್ಕೂ ಉತ್ತರ ಇದ್ರೆ ಬೆಂದದ್ದು. ಬೆಂದಿದ್ದನ್ನ ಮಾತ್ರ ಮಾಡೋದು."

ಅವನ ಹೆಂಡತಿ ನೆರಿಡಾ ಹೆರಿಗೆ ಮಾಡಿಸುವ ದಾದಿ. ಹಿಂದಿನ ದಿನವೆಲ್ಲ ಹೆರಿಗೆ ಮನೆಯಲ್ಲಿ ನಿಂತು ಬಂದು ಕಾಲು ಕುರ್ಚಿಯ ಮೇಲೆ ಚಾಚಿಕೊಂಡಿದ್ದಳು.

"ನನ್ನ ಕೆಲಸದಲ್ಲಿ ಯಾವ ಮಗುನೂ ಚೀಟಿ ಬರ್ಕೊಂಡು ಬರಲ್ಲ ಕಣೋ" ಎಂದಳು.

"ಅದಕ್ಕೇ ಅಲ್ಲಿ ಅಷ್ಟು ಕಿರಿಚಾಟ" ಎಂದ ಡಂಕನ್. (ಇಂಥ ಮಾತನ್ನು ಹೆಂಡತಿಯ ಕೈಗೆ ನಿಲುಕದಷ್ಟು ದೂರದಲ್ಲಿ ನಿಂತು ಆಡಬೇಕು. ಅವನು ಹಾಗೆಯೇ ನಿಂತಿದ್ದ.)

ಮೊದಲ ಚೀಟಿ ನೆರಿಡಾಳದ್ದು. ಸ್ನಾನದ ಮನೆಯ ನಲ್ಲಿ ಸೋರುತ್ತಿದೆ.

"ಯಾರಿಗಾಗಿ?"

"ನನಗಾಗಿ. ತೊಟ ತೊಟ ಅಂತ ನಿದ್ದೆ ಬರ್ತಿಲ್ಲ."

"ಮುಗೀತು ಅಂತ ಹೇಗೆ ಗೊತ್ತಾಗುತ್ತೆ?"

"ಸೋರೋದು ನಿಲ್ಲುತ್ತೆ ಮಹಾರಾಯ!"

"ಪೂರ್ತಿ ನಿಲ್ಬೇಕಾ? ಅಥವಾ ನಿದ್ದೆ ಬರೋವಷ್ಟು ನಿಂತ್ರೆ ಸಾಕಾ? ನೋಡು, ಇದು ಸ್ಪಷ್ಟ ಇಲ್ಲ. ಇರ್ಲಿ, ಅಳತೆ ಹೇಳಿ. ಅಂಗಿ ಅಳತೆ ಹಾಗೆ ಸಣ್ಣದು, ನಡುವಿಂದು, ದೊಡ್ಡದು. ಎಲ್ಲರೂ ಒಟ್ಟಿಗೆ ಹೇಳ್ಬೇಕು. ಐಲ್ಸಾ, ನೀವೂ."

"ನನ್ನ ಅಂಗಿ ಅಳತೆ ಕಟ್ಕೊಂಡು ನಿಂಗೇನಾಗ್ಬೇಕಪ್ಪ?" ಎಂದಳು ಐಲ್ಸಾ, ಊರುಗೋಲನ್ನು ನೆಲಕ್ಕೆ ಕುಟ್ಟಿ. "ನನ್ನ ಗಂಡ ರಾನ್ ಬದುಕಿದ್ದಿದ್ರೆ ಇಷ್ಟು ಹೊತ್ತಿಗೆ ವಾಷರ್ ಬದಲಾಯಿಸಿ ಟೀ ಕುಡೀತಿದ್ದ."

ನಲ್ಲಿ 'ಬೇಯದ್ದು' ಭಾಗಕ್ಕೆ ಹೋಯಿತು. ಕೊನೆಗೆ ನೆರಿಡಾ ಮತ್ತೊಂದು ಚೀಟಿ ಅಂಟಿಸಿದಳು. ಪಿಪಿ ಕೊಲ್ಲಿಗೆ ಫೋನ್ ಮಾಡಬೇಕು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಪಿಪಿ ಕೊಲ್ಲಿಯ ಕಡಲತೀರದಲ್ಲಿ ಡೇರೆ ಹಾಕುವ ಬಯಲೊಂದಿದೆ. ಅದರ ಹನ್ನೊಂದನೇ ಜಾಗ ಐಲ್ಸಾಳ ಕುಟುಂಬದ್ದು. ಕಾಗದಪತ್ರದಲ್ಲಿ ಅಲ್ಲ, ರೂಢಿಯಲ್ಲಿ. ದೊಡ್ಡ ಪೊಹುಟುಕಾವಾ ಮರ, ಕ್ರಿಸ್‌ಮಸ್ಸಿಗೆ (ನಮ್ಮಲ್ಲಿ ಆಗ ಬೇಸಿಗೆ) ಮೈತುಂಬ ಕೆಂಪು ಹೂವು, ಎದುರಿಗೇ ಸಮುದ್ರ. ರಾನ್ ಕಟ್ಟಿದ ಜೋಲಿಯ ಹಗ್ಗದ ಗುರುತು ಇನ್ನೂ ಕೊಂಬೆಯ ಮೇಲಿದೆ. ನೆರಿಡಾ ನಡೆಯಲು ಕಲಿತದ್ದು ಆ ನೆರಳಿನಲ್ಲಿ, ಪಿಪ್ಪಾ ಕೂಡ. ಸೊಂಟ ಕೈಕೊಟ್ಟ ಮೇಲೆ ಐಲ್ಸಾ ಮರಳಿಗೆ ಇಳಿಯಲಾರಳು. ಆ ಮರದ ಕೆಳಗೆ ಕೂತರೆ ಮಾತ್ರ ಅವಳಿಗೆ ಸಮುದ್ರ ಸಿಗುವುದು. ಆದರೆ ಬಯಲಿನ ಒಡತಿ ಹುಯಿಯಾ ಆಂಟಿಯ ನಿಯಮ ಖಡಾಖಂಡಿ. ಅಕ್ಟೋಬರ್ ಕೊನೆಯ ರಜಾ ಸೋಮವಾರದೊಳಗೆ ಫೋನ್ ಮಾಡಿ ಯಾರು, ಎಷ್ಟು ಜನ, ಯಾವಾಗಿಂದ ಎಂದು ಹೇಳಬೇಕು. ಹೇಳದಿದ್ದರೆ ಜಾಗ ಕಾಯುತ್ತಿರುವವರಿಗೆ. ಕಾಯುವವರಿಗೇನು ಬರವೇ? ಪ್ರತಿ ಬೇಸಿಗೆಯಲ್ಲೂ ಯಾರಾದರೊಬ್ಬರು ಆ ಮರವನ್ನು ಆಸೆಯಿಂದ ನೋಡುತ್ತಾ ಬೇಕೆಂದೇ ನಿಧಾನಕ್ಕೆ ಹಾದುಹೋಗುತ್ತಿದ್ದರು.

"ಎಷ್ಟು ಜನ?" ಎಂದ ಡಂಕನ್.

"ಪ್ರತಿ ಸಲ ಎಷ್ಟು ಜನವೋ ಅಷ್ಟೇ. ನಾನು, ಅಮ್ಮ, ಪಿಪ್ಪಾ, ನೀನು."

"ನಾನು ಅಂತ ಹೇಗೆ ಬರೀತೀಯ? ಹೊಸ ವರ್ಷದ ಹೊತ್ತಿಗೆ ಆಫೀಸಲ್ಲಿ ಹೊಸ ಸಾಫ್ಟ್‌ವೇರ್ ಬಿಡುಗಡೆ ಇದೆ. ನನ್ನ ರಜೆ ಅದರ ಮೇಲೆ ನಿಂತಿದೆ."

"ಬರ್ತೀಯೋ ಇಲ್ವೋ, ಒಂದು ಮಾತಲ್ಲಿ ಹೇಳು."

"ಅದನ್ನೇ ಹೇಳ್ತಿರೋದು! ಬೇರೊಂದರ ಮೇಲೆ ನಿಂತಿರೋ ಕೆಲಸ ಸಿದ್ಧ ಅಲ್ಲ. ಸಿದ್ಧ ಇಲ್ಲದ್ದನ್ನ ಶುರು ಮಾಡೋ ಹಾಗಿಲ್ಲ. ದೊಡ್ಡ ಚೀಟಿ ಇದ್ರೆ ಒಡೀಬೇಕು." ಡಂಕನ್ ಹುರುಪಿನಿಂದ ಚೀಟಿಯನ್ನು ಕತ್ತರಿಯಿಂದ ಎರಡು ಮಾಡಿದ. ಒಂದರ ಮೇಲೆ 'ಮೂವರು' ಎಂದು ಬರೆದ, ಇನ್ನೊಂದರ ಮೇಲೆ 'ಡಂಕನ್'. "ಈ ಮೂವರ ಚೀಟಿಗೂ ಪ್ರಶ್ನೆ ಬಾಕಿ ಇದೆ. ಎಷ್ಟು ಡೇರೆ? ಬಿಸಿಲಿಗೆ ಪರದೆ ಕಟ್ಬೇಕಾ? ಸಮುದ್ರ ಕಾಣ್ಬೇಕು ಅಂದ್ರೆ ಎಷ್ಟು ಕಾಣ್ಬೇಕು?"

"ಯಾವತ್ತೊಳಗೆ ಅಂತ ಒಂದು ಪ್ರಶ್ನೆ ಬೇಡ್ವಾ ಅಪ್ಪಾ?" ಎಂದಳು ಪಿಪ್ಪಾ.

"ಅಡ್ಡ ಬಾಯಿ ಹಾಕ್ಬೇಡ" ಎಂದು ಡಂಕನ್ ಎರಡು ಚೀಟಿಯನ್ನೂ 'ಬೇಯದ್ದು' ಭಾಗಕ್ಕೆ ಅಂಟಿಸಿದ.

ನೆರಿಡಾ ಅವನನ್ನೂ ಚೀಟಿಯನ್ನೂ ಒಂದು ಕ್ಷಣ ನೋಡಿದಳು. "ಆಯ್ತು" ಎಂದಷ್ಟೇ ಅಂದು ಎದ್ದು ಕೆಟಲ್ ಸ್ವಿಚ್ ಒತ್ತಿದಳು. ಮದುವೆಯಾಗಿ ಇಷ್ಟು ವರ್ಷವಾದ ಗಂಡಸಿಗೆ ಹೆಂಡತಿಯ ಆ 'ಆಯ್ತು' ಕೇಳಿ ಬೆವರಬೇಕಿತ್ತು. ಇವನಿಗೆ ಸಂತೋಷವಾಯಿತು.

ಆಮೇಲಿನ ವಾರಗಳಲ್ಲಿ ಆ ಮನೆಯಲ್ಲಿ ಸಿದ್ಧತೆಯೊಂದು ಬಿಟ್ಟು ಬೇರೇನೂ ನಡೆಯಲಿಲ್ಲ. ನಡುಮನೆಯ ಬಲ್ಬು ಹೋಯಿತು. 'ಬೆಳಕು ಎಂದರೆ ಎಷ್ಟು' ಎಂಬುದು ಇತ್ಯರ್ಥವಾಗದೆ ಐಲ್ಸಾ ಕೈಯಲ್ಲಿ ಟಾರ್ಚು ಹಿಡಿದು ಓಡಾಡಿದಳು. ನಲ್ಲಿ ತೊಟಗುಟ್ಟುತ್ತಲೇ ಇತ್ತು. ಡಂಕನ್ ಮಾತ್ರ ಕಾಲಿಗೆ ಚಕ್ರ ಕಟ್ಟಿಕೊಂಡವನಂತೆ ಫ್ರಿಜ್ಜಿಗೂ ಸೋಫಾಕ್ಕೂ ಸುತ್ತುತ್ತಾ, ಚೀಟಿ ಕಿತ್ತು ಇನ್ನೊಂದು ಸಾಲು ಸೇರಿಸಿ, ಮತ್ತೆ ಅಂಟಿಸಿ, ಎರಡು ಹೆಜ್ಜೆ ಹಿಂದೆ ಹೋಗಿ ನೋಡಿ, ಮತ್ತೆ ಕೀಳುತ್ತಿದ್ದ. ರಜಾ ಸೋಮವಾರ ಬಂತು. ಅವತ್ತು ಟೊಮೆಟೊ ಸಸಿ ನೆಡದ ಮನೆ ನಮ್ಮ ಹ್ಯಾಮಿಲ್ಟನ್ನಿನಲ್ಲಿ ಇರುವುದಿಲ್ಲ. ಡಂಕನ್ ಸಸಿಯ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಈ ಟೊಮೆಟೊ ಸಾಲಡ್ಡಿಗೋ ಸಾಸಿಗೋ ಎಂದು ಚೀಟಿ ಬರೆಯುತ್ತಾ ಕೂತ. ಸಂಜೆಗೆ ಸಸಿಗಳು ತಲೆ ಬಗ್ಗಿಸಿದವು.

ಮಂಗಳವಾರ ಬೆಳಗ್ಗೆ ಆಫೀಸಿನ ಅಡುಗೆಕೋಣೆಯಲ್ಲಿ ಸೆಮಿಸಿ ಟೋಸ್ಟಿಗೆ ಬೆಣ್ಣೆ ಸವರುತ್ತಾ ಹಾಡು ಗುನುಗುತ್ತಿದ್ದ.

"ಏನು ಖುಷಿ?" ಎಂದ ಡಂಕನ್.

"ಜಾಗ ಸಿಕ್ತು ಗುರು! ಎಷ್ಟೋ ವರ್ಷದಿಂದ ಕಾಯ್ತಿದ್ವಿ. ನಿನ್ನೆ ಸಂಜೆ ಗಡುವು ಮುಗಿದ ತಕ್ಷಣ ಹುಯಿಯಾ ಆಂಟಿನೇ ಫೋನ್ ಮಾಡಿದ್ರು. ಪಿಪಿ ಕೊಲ್ಲೀಲಿ, ಮರದ ಕೆಳಗಡೆ."

ಡಂಕನ್‌ನ ಕಿವಿಯಲ್ಲಿ ಉಳಿದದ್ದು ಎರಡೇ ಮಾತು. ಗಡುವು! ನಿನ್ನೆ! ಕಣ್ಣೆದುರಿಗೆ ಮೊದಲು ಪೊಹುಟುಕಾವಾ ಮರ ಬಂತು, ಅದರ ಕೆಳಗೆ ಊರುಗೋಲು ಹಿಡಿದ ಐಲ್ಸಾ ಬಂದಳು, ಆಮೇಲೆ ನೆರಿಡಾಳ ಮುಖ ಬಂತು. ಅದನ್ನು ಅವನಿಂದ ನೋಡಲಾಗಲಿಲ್ಲ. ಫೋನ್ ಬೇಡ ಎಂದವನು ತಾನೇ, ಚೀಟಿ ಕತ್ತರಿಸಿದವನು ತಾನೇ. ಯಾರ ಮೇಲೆ ಹಾಕುವುದು? ಹುಯಿಯಾ ಆಂಟಿಗೆ ಫೋನ್ ಮಾಡಿದ. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದ. ಹೆಂಡತಿಯನ್ನು ಕೇಳುವ ಧೈರ್ಯ ಸತ್ತರೂ ಬರಲಿಲ್ಲ.

"ನಂಗೆ ಹಲ್ಲುನೋವು, ಹೊರಟೆ" ಎಂದ ಸೆಮಿಸಿಗೆ.

"ಅಯ್ಯೋ ಪಾಪ. ಯಾವ ಹಲ್ಲು ಗುರು? ಎಡಗಡೇದಾ ಬಲಗಡೇದಾ?"

"ಎಲ್ಲಾ!" ಎಂದು ಕೂಗಿ ಡಂಕನ್ ಕಾರಿಗೆ ಓಡಿದ.

ಗುಡ್ಡ ಹತ್ತಿ ಆಚೆ ಬದಿಯ ಸಮುದ್ರಕ್ಕಿಳಿಯುವ ದಾರಿ. ತಿರುವಿನ ಮೇಲೆ ತಿರುವು. ಮುಂದೆ ಒಂದು ಹಾಲಿನ ಟ್ಯಾಂಕರ್, ಗರ್ಭಿಣಿ ನಡೆದ ಹಾಗೆ ನಡೆಯುತ್ತಿತ್ತು. ಹಿಂದಿಕ್ಕಲು ಜಾಗವಿಲ್ಲ. "ಯಾವ ಮುಠ್ಠಾಳ ಈ ಹೊತ್ತಲ್ಲಿ ಇದನ್ನ ಈ ದಾರಿಗೆ ಬಿಟ್ಟಿದ್ದು?" ಎಂದು ಸ್ಟೀರಿಂಗ್ ಗುದ್ದಿದ. ಗುದ್ದಿದ ಮೇಲೆ ನೆನಪಾಯಿತು. ಈ ದಾರಿಗೆ ಈ ಹೊತ್ತನ್ನು ಗೊತ್ತುಮಾಡಿದ ಚೀಟಿ ತನ್ನದೇ. ಇಡೀ ಗುಡ್ಡ ಅವನು ಆ ಟ್ಯಾಂಕರಿನ ಬೆನ್ನು ನೋಡುತ್ತಾ, ಹುಯಿಯಾ ಆಂಟಿಯ ಕಾಲು ಹಿಡಿಯುವ ಮಾತುಗಳನ್ನು ಬಾಯಿಪಾಠ ಮಾಡುತ್ತಾ, ಸೀಟಿನ ಮೇಲೆ ಒಂದು ಕಡೆ ಕೂರಲಾರದೆ ಹೊರಳಾಡುತ್ತಾ ದಾಟಿದ.

ಹುಯಿಯಾ ಆಂಟಿ ಶೌಚಾಲಯದ ಕಟ್ಟಡಕ್ಕೆ ಪೈಪಿನಲ್ಲಿ ನೀರು ಬಿಡುತ್ತಿದ್ದಳು. ತೊಳೆಯುವಾಗ ಫೋನ್ ಎತ್ತುವುದು ಅವಳ ಜಾಯಮಾನದಲ್ಲೇ ಇಲ್ಲ.

"ಆಂಟಿ, ನನ್ನ ತಪ್ಪು, ಪೂರ್ತಿ ನನ್ನ ತಪ್ಪು! ನೆರಿಡಾದಲ್ಲ, ಐಲ್ಸಾದಲ್ಲ. ಹನ್ನೊಂದನೇ ಜಾಗ ಕಿತ್ಕೋಬೇಡಿ. ಮುದುಕಿಗೆ ಅಲ್ಲಿಂದ ಬಿಟ್ರೆ ಸಮುದ್ರ ಕಾಣಲ್ಲ!"

"ಮುದುಕಿ ಅಂತ ಐಲ್ಸಾ ಎದುರಿಗೆ ಹೇಳು ನೋಡೋಣ" ಎಂದು ಹುಯಿಯಾ ಆಂಟಿ ನಲ್ಲಿ ನಿಲ್ಲಿಸಿದಳು. "ಯಾರಪ್ಪ ಕಿತ್ಕೊಂಡ್ರು? ನಿನ್ನ ಹೆಂಡ್ತಿ ಎಷ್ಟೋ ವಾರದ ಹಿಂದೇನೇ ಫೋನ್ ಮಾಡಿದ್ಲಲ್ಲ. ಯಾವುದೋ ಭಾನುವಾರ ಸಂಜೆ. ಹಿಂದುಗಡೆ ಕೆಟಲ್ ಕುದಿಯೋ ಸದ್ದು ಕೇಳಿಸ್ತಿತ್ತು."

ಡಂಕನ್ ಅಲ್ಲೇ ಒದ್ದೆ ಮೆಟ್ಟಿಲ ಮೇಲೆ ಕೂತ. ನಕ್ಕ. ಕಣ್ಣಲ್ಲಿ ನೀರೂ ಬಂತು. ಆ ಕ್ಷಣ ಅವನಿಗೆ ಹೆಂಡತಿಯ ಮೇಲೆ ಉಕ್ಕಿದ ಪ್ರೀತಿ ಮದುವೆಯ ದಿನವೂ ಉಕ್ಕಿರಲಿಲ್ಲ.

"ಅಬ್ಬಾ! ಬದುಕಿದೆ. ಹಾಗಾದ್ರೆ ನಾವು ನಾಲ್ಕು ಜನ..."

"ಮೂರು."

"ಏನು ಮೂರು?"

"ಅವಳು, ಅಮ್ಮ, ಮಗಳು. ಡಂಕನ್ ಬರಲ್ವಾ ಅಂತ ನಾನೇ ಕೇಳ್ದೆ. 'ಅವನ ಚೀಟಿ ಇನ್ನೂ ಬೆಂದಿಲ್ಲ ಆಂಟಿ, ಸಿದ್ಧ ಇಲ್ಲದ್ದನ್ನ ಶುರು ಮಾಡ್ಬಾರ್ದಂತೆ' ಅಂದ್ಲು. ನಂಗೇನೂ ಅರ್ಥ ಆಗ್ಲಿಲ್ಲ. ಮೂರು ಅಂದ್ಲು, ಮೂರು."

"ಈಗ ನಾಲ್ಕು ಮಾಡಿ ಆಂಟಿ!"

"ಆಗಲ್ಲಪ್ಪ. ನಮ್ಮ ಕೊಳಚೆ ಗುಂಡಿಗೆ ಇಷ್ಟೇ ತಲೆ ಅಂತ ಲೆಕ್ಕ. ಉಳಿದ ತಲೆಗಳನ್ನ ನಿನ್ನೆ ಒಂದು ಕುಟುಂಬಕ್ಕೆ ಕೊಟ್ಟೆ. ಆಚೆ ತುದಿ ಸಣ್ಣ ಮರದ ಕೆಳಗೆ. ಆಹಾ, ಎಂಥಾ ಅಚ್ಚುಕಟ್ಟು ಮನುಷ್ಯ ಅಂತೀನಿ! ಯಾರು, ಎಷ್ಟು ಜನ, ಯಾವಾಗ ಬರ್ತಾರೆ, ಯಾವಾಗ ಹೋಗ್ತಾರೆ, ಡೇರೆ ಯಾವ ಕಡೆ ಮುಖ, ಎಲ್ಲಾ ಒಂದೇ ಉಸಿರಲ್ಲಿ ಹೇಳ್ದ. ಇಷ್ಟು ವರ್ಷದಲ್ಲಿ ಫೋನಲ್ಲಿ ಅಂಥ ಉತ್ತರ ನಂಗೆ ಸಿಕ್ಕೇ ಇಲ್ಲ. ಟೋಂಗಾದವನು, ಮೆತ್ತಗಿನ ದನಿ."

ಹುಯಿಯಾ ಆಂಟಿಗೆ ಡಂಕನ್‌ನ ಮುಖ ನೋಡಿ ಅಯ್ಯೋ ಅನ್ನಿಸಿತು.

"ಒಂದು ಕೆಲಸ ಮಾಡು. ಕೆಲಸದವರ ತಲೆ ಲೆಕ್ಕಕ್ಕೆ ಬರಲ್ಲ. ಈ ಕಟ್ಟಡದ ಪಕ್ಕ ಒಬ್ಬ ಮಲಗೋ ಡೇರೆಗೆ ಜಾಗ ಇದೆ. ದಿನಾ ಬೆಳಗ್ಗೆ ಇದನ್ನ ತೊಳೆದ್ರೆ ನೀನು ಇರಬಹುದು."

ಯಾರಿಗಾಗಿ, ಏಕೆ, ತೊಳೆದಾಯಿತೆಂದು ತಿಳಿಯುವುದು ಹೇಗೆ, ಒಂದನ್ನೂ ಕೇಳದೆ ಡಂಕನ್ "ಹ್ಞೂಂ" ಎಂದ. ರಜೆ ಸಿಗುತ್ತದೋ ಇಲ್ಲವೋ ಎಂಬುದೂ ನೆನಪಾಗಲಿಲ್ಲ.

ಮನೆಗೆ ಬಂದಾಗ ನೆರಿಡಾ ಅಡುಗೆಮನೆಯಲ್ಲಿ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು. ಪಿಪ್ಪಾ ಮೇಜಿನ ಮೇಲೆ ಓದುವ ನಟನೆ ಮಾಡುತ್ತಿದ್ದಳು.

"ನಂಗೆ ಯಾಕೆ ಹೇಳ್ಲಿಲ್ಲ?" ಎಂದ ಡಂಕನ್ ಬಾಗಿಲಲ್ಲೇ ನಿಂತು. "ವಾರಗಟ್ಟಲೆ ಆ ಚೀಟಿ ತಿದ್ದಿ ತಿದ್ದಿ ಸತ್ತೆ!"

"ಮುಗಿಯೋದು ಹೇಗೆ ಅಂತ ನೀನು ದಿನಾ ಕೇಳ್ತಿದ್ದೆ. ಮುಗೀತಾ ಅಂತ ಒಂದಿನಾನೂ ಕೇಳ್ಲಿಲ್ಲ" ಎಂದಳು ನೆರಿಡಾ ಆಲೂಗಡ್ಡೆಯಿಂದ ಕಣ್ಣೆತ್ತದೆ.

"ಆದ್ರೆ ನನ್ನ ಹೆಸರು!"

"ಕತ್ತರಿಸಿದ್ದು ಯಾರು? ಕತ್ತರಿ ಯಾರ ಕೈಲಿತ್ತು? 'ಬರ್ತೀಯೋ ಇಲ್ವೋ' ಅಂತ ಕೇಳಿದ್ದೆ ಡಂಕನ್. ಹ್ಞೂಂ ಅಂತ ಒಂದು ಮಾತು. ಅಷ್ಟೇ ಬೇಕಿದ್ದಿದ್ದು." ಈ ಸಲ ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. ನಿಜವಾಗಿ ನೋವಾಗಿತ್ತು ಅವಳಿಗೆ. ಅದು ಅವನಿಗೂ ತಿಳಿಯಿತು. ಡಂಕನ್ ಅಲ್ಲೇ ಎರಡು ಸುತ್ತು ಸುತ್ತಿದ. ಆಮೇಲೆ ಹೋಗಿ ಸ್ನಾನದ ಮನೆಯ ನಲ್ಲಿಗೆ ವಾಷರ್ ಹಾಕಿದ. ಬಲ್ಬು ಬದಲಾಯಿಸಿದ. ಬಾಡಿದ ಟೊಮೆಟೊ ಸಸಿಗಳನ್ನು ಕತ್ತಲಾಗುವ ಮುಂಚೆ ನೆಟ್ಟ. ಯಾವುದಕ್ಕೂ ಚೀಟಿ ಬರೆಯಲಿಲ್ಲ. ಫ್ರಿಜ್ಜಿನ ಕೆಂಪು ಟೇಪನ್ನು ಪಿಪ್ಪಾಳೇ ಕಿತ್ತಳು. ಅದರ ಜೊತೆ ಬಣ್ಣವೂ ಕಿತ್ತುಬಂತು.

ಡಿಸೆಂಬರಿನಲ್ಲಿ ಮರ ಮೈತುಂಬ ಹೂ ಬಿಟ್ಟಿತು. ಹನ್ನೊಂದನೇ ಜಾಗದಲ್ಲಿ ಡೇರೆ ಎದ್ದಿತು, ನೆರಳಿಗೆ ಐಲ್ಸಾಳ ಕುರ್ಚಿ ಬಂತು. ರಜೆಯೂ ಸಿಕ್ಕಿದ್ದರಿಂದ ಹಗಲೆಲ್ಲ ಡಂಕನ್ ಅಲ್ಲೇ ಮನೆಯವರ ಜೊತೆ ಇರುತ್ತಿದ್ದ. ಮಲಗಲು ಮಾತ್ರ ಶೌಚಾಲಯದ ಪಕ್ಕದ ಪುಟ್ಟ ಡೇರೆಗೆ ಹೋಗುತ್ತಿದ್ದ. ಮೊದಲನೇ ಬೆಳಗ್ಗೆ ಅವನು ಬಾಗಿಲಿಗೆ ಬಕೆಟ್ಟು ಅಡ್ಡ ಇಟ್ಟು ನೆಲ ಒರೆಸುತ್ತಿದ್ದಾಗ ಹೊರಗೆ ಹೆಜ್ಜೆಯ ಸಪ್ಪಳವಾಯಿತು. ನೋಡಿದರೆ ಸೆಮಿಸಿ. ಸೊಂಟಕ್ಕೆ ಹೂವಿನ ಲುಂಗಿ, ಹೆಗಲಿಗೆ ಟವೆಲು, ಬಾಯಲ್ಲಿ ಬ್ರಶ್ಶು.

"ಒಳಗೆ ಬರಬಹುದಾ ಗುರು?"

ಡಂಕನ್ ಒರೆಸುಕೋಲನ್ನು ನೆಟ್ಟಗೆ ಹಿಡಿದು ನಿಂತ. ಇಂಥ ಗಳಿಗೆ ಬಾಳಿನಲ್ಲಿ ಎರಡು ಸಲ ಬರುವುದಿಲ್ಲ.

"ಇನ್ನೂ ಸಿದ್ಧ ಇಲ್ಲ" ಎಂದ.

ಸೆಮಿಸಿ ಬಗ್ಗಿ ಒಳಗೆ ನೋಡಿದ. "ಆ ಮೂಲೆ ಬಿಟ್ಟಿದ್ದೀಯ. ಪರವಾಗಿಲ್ಲ, ಕಾಯ್ತೀನಿ" ಎಂದು ಮೆಟ್ಟಿಲ ಮೇಲೆ ಕೂತು ಹಲ್ಲುಜ್ಜತೊಡಗಿದ. ಅವನ ಹಿಂದೆ ಇನ್ನಿಬ್ಬರು ಬಂದು ನಿಂತರು. ಡಂಕನ್ ಗಂಭೀರವಾಗಿ ಆ ಮೂಲೆಗೆ ನೀರು ಹಾಕಿದ, ಒರೆಸಿದ, ತಲೆ ವಾರೆ ಮಾಡಿ ನೋಡಿದ, ಮತ್ತೆ ಒರೆಸಿದ. ಸಾಲು ಬೆಳೆಯುತ್ತಿತ್ತು.

ಅಷ್ಟರಲ್ಲಿ ಊರುಗೋಲು ಟಕಟಕ ಎನ್ನುತ್ತಾ ಐಲ್ಸಾ ಬಂದಳು. ಸಾಲನ್ನು ಕಣ್ಣೆತ್ತಿಯೂ ನೋಡಲಿಲ್ಲ.

"ಇನ್ನೆಷ್ಟು ಹೊತ್ತಪ್ಪ?"

"ಒಂದೇ ಒಂದು ಸಣ್ಣ ಕೆಲಸ ಬಾಕಿ ಐಲ್ಸಾ. ಸಣ್ಣ ಅಳತೇದು."

"ನಿನ್ನ ಕೆಲಸ ಸಣ್ಣ ಅಳತೇದಿರಬಹುದು" ಎಂದಳು ಐಲ್ಸಾ, ಊರುಗೋಲಿನಿಂದ ಬಕೆಟ್ಟನ್ನು ಪಕ್ಕಕ್ಕೆ ಸರಿಸಿ, ಒರೆಸಿದ ನೆಲದ ಮೇಲೇ ಮರಳು ಮೆತ್ತಿದ ಚಪ್ಪಲಿಯಲ್ಲಿ ನಡೆಯುತ್ತಾ. "ನನ್ನ ಅವಸರ ದೊಡ್ಡದರಲ್ಲೂ ದೊಡ್ಡದು. ಪಕ್ಕಕ್ಕೆ ನಿಲ್ಲು."

ಡಂಕನ್ ಪಕ್ಕಕ್ಕೆ ನಿಂತ. ಅವಳು ಹೋದ ಮೇಲೆ ಮತ್ತೆ ಮೊದಲಿಂದ ಒರೆಸಲು ಶುರುಮಾಡಿದ.